ಗಾಯ ನೋಡಿ ಕತ್ತಿ ಯಾವುದು ಅಂತ ಹೇಳ್ತೀರಂತೆ, ಹೌದಾ?

ಇಲ್ಲ. ಹೇಳಲ್ಲ. ಟೀವಿ ನೋಡೋದು ಸ್ವಲ್ಪ ಕಡಿಮೆ ಮಾಡಿ.

ನಾನು ಶಿವಮೊಗ್ಗದಲ್ಲಿ ಪೋಸ್ಟ್‌ಮಾರ್ಟಮ್ ಮಾಡುವ ಡಾಕ್ಟರ್. ಮದುವೆ ಊಟದ ಪಂಕ್ತಿಯಲ್ಲಿ ಎಲೆಗೆ ಪಾಯಸ ಬೀಳುವ ಹೊತ್ತಿಗೆ ಸರಿಯಾಗಿ ಪಕ್ಕದವರ ಬಾಯಿಂದ ಈ ಪ್ರಶ್ನೆ ಬೀಳುತ್ತದೆ. ನನಗಂತೂ ಪಾಯಸ ಇಳಿಯುತ್ತದೆ. ಅವರಿಗೆ ಇಳಿಯುವುದಿಲ್ಲ, ಅದು ನನ್ನ ತಪ್ಪಲ್ಲ.

ಉದ್ದ ಜಾಸ್ತಿ, ಆಳ ಕಡಿಮೆ ಇದ್ದರೆ ಕೊಯ್ದ ಗಾಯ. ಆಳವೇ ಜಾಸ್ತಿ ಇದ್ದರೆ ಇರಿದದ್ದು. ಮಚ್ಚಿನಂಥ ಭಾರದ ಆಯುಧ ಮೂಳೆಗೂ ಕಚ್ಚು ಹಾಕಿರುತ್ತದೆ. ಅಂಚು ಹರಕಾಗಿ, ಒಳಗೆ ಎಳೆ ಎಳೆ ಉಳಿದುಕೊಂಡಿದ್ದರೆ ಅದು ಕತ್ತಿಯೇ ಅಲ್ಲ, ದೊಣ್ಣೆಯೋ ಕಲ್ಲೋ ಇರಬೇಕು. ಇಷ್ಟು ಹೇಳಬಹುದು. ಮುಂದಿನದು ಕಷ್ಟ. ಚರ್ಮಕ್ಕೆ ಅದರದ್ದೇ ಬಿಗಿತ ಇದೆ. ಅದಕ್ಕೆ ಅಡ್ಡವಾಗಿ ಚುಚ್ಚಿದರೆ ಗಾಯ ಬಾಯಿ ಬಿಡುತ್ತದೆ, ಉದ್ದಕ್ಕೆ ಚುಚ್ಚಿದರೆ ಬರೀ ಸೀಳು. ಚಾಕು ಒಂದೇ! ಅಂಚು ಕೂಡಿಸಿ ಅಳೆಯಬೇಕು. ಹೊಟ್ಟೆ ಮೆತ್ತಗೆ ಒಳಹೋಗುವ ಜಾಗ, ಹಾಗಾಗಿ 10 ಸೆಂ.ಮೀ. ಚಾಕು ಅದಕ್ಕಿಂತ ಆಳದ ಗಾಯ ಮಾಡಬಲ್ಲದು. ಪೊಲೀಸರು ಸೀಲ್ ಮಾಡಿ ಕಳಿಸಿದ ಚಾಕು ನೋಡಿ ನಾನು ಬರೆಯುವುದು "ಇಂಥ ಆಯುಧದಿಂದ ಆಗಿರಬಹುದು" ಅಂತ. "ಇದರಿಂದಲೇ" ಅಂದರೆ ಕೋರ್ಟಿನಲ್ಲಿ ವಕೀಲರು ನನ್ನನ್ನು ಸುಲಿದು ಒಣಗಿಸುತ್ತಾರೆ.

ಸುಲಿಯೋದು ಅಂದಾಗ ಚಿಕ್ಕಪ್ಪನ ನೆನಪು. ತೀರ್ಥಹಳ್ಳಿ ಕಡೆ ಅವರ ಮನೆಯಲ್ಲಿ ರಾತ್ರಿ ಅಡಿಕೆ ಸುಲಿಯುತ್ತಿದ್ದರು. "ಮಾರಾಯ್ತಿ, ಈ ಮೆಟ್ಟುಗತ್ತಿಯಿಂದ ಆದ್ರೆ ಗೊತ್ತಾಗುತ್ತಾ?" ಅಂತ ತಲೆ ಎತ್ತಿದರು, ಹೆಬ್ಬೆರಳು ಕೊಯ್ದುಕೊಂಡರು. ನಾನು ಬೆರಳು ಹಿಡಿದು ನೋಡಿದೆ. ಒಂದು ಕಡೆ ಆಳ, ಇನ್ನೊಂದು ಕಡೆ ಗೀರಿನ ಹಾಗೆ ಸಣ್ಣಗಾಗಿ ಮುಗಿದಿತ್ತು. "ಕತ್ತಿ ಇಲ್ಲಿ ಹೊಕ್ಕಿದ್ದು, ಇಲ್ಲಿ ಬಿಟ್ಟಿದ್ದು" ಅಂದೆ. "ಮೊದಲು ಬಟ್ಟೆ ಕಟ್ಟೇ" ಅಂತ ಚಿಕ್ಕಮ್ಮ ಬೈದರು.

ಬಟ್ಟೆ ಕಟ್ಟುವಾಗ ಆ ಕೈ ನೋಡಿದೆ. ಅಡಿಕೆ ಕರೆಯಿಂದ ಕಪ್ಪು, ಅದರೊಳಗೆ ಹತ್ತಾರು ಹಳೇ ಗೀರು. ಎಲ್ಲರೂ ಕತ್ತಿ ಕೇಳುತ್ತಾರೆ, ಕೈ ಬಗ್ಗೆ ಯಾಕೆ ಕೇಳಲ್ಲ? ಚಾಕು ಹಿಡಿಯಲು ಹೋದವರಿಗೆ ಅಂಗೈ ಕೊಯ್ದಿರುತ್ತದೆ, ಇಲ್ಲವೇ ಹೆಬ್ಬೆರಳಿನ ಸಂದು. ತೋಳು ಅಡ್ಡ ಹಿಡಿದವರಿಗೆ ಕಿರುಬೆರಳಿನ ಕಡೆಯ ಮುಂಗೈ. ಈ ಗಾಯ ಇಲ್ಲದಿದ್ದರೆ ತಡೆಯುವ ಮನಸ್ಸಿರಲಿಲ್ಲ ಅಂತಲೂ ಅಲ್ಲ. ನಿದ್ದೆಯಲ್ಲಿ ಇದ್ದಿರಬಹುದು, ಇರಿದವರು ಹಿಂದಿನಿಂದ ಬಂದಿರಬಹುದು.

ಒಮ್ಮೆ ಒಬ್ಬರನ್ನು ತಂದಿದ್ದರು. ಪೊಲೀಸರ ಕಾಗದದಲ್ಲಿ "ಕೈಗಳಲ್ಲಿ ಅಡಿಕೆ ಸುಲಿದ ಹಳೇ ಗುರುತು" ಅಂತಿತ್ತು. ನಿಜವೇ. ರಕ್ತ ಒರೆಸಿ, ದೀಪ ಹತ್ತಿರ ಎಳೆದು, ಬೆರಳು ಒಂದೊಂದೇ ಬಿಡಿಸಿದೆ. ಗೀರೆಲ್ಲ ಕಪ್ಪು. ಹೆಬ್ಬೆರಳಿನ ಸಂದಿನಲ್ಲಿ ಒಂದಕ್ಕೆ ಮಾತ್ರ ಒಳಗೆ ಕರೆ ಹತ್ತಿರಲಿಲ್ಲ.