ಸಮೀಕ್ಷೆಗೆ ಉತ್ತರಿಸಿ ಹಣ ಗಳಿಸಬಲ್ಲವರು ಯಾರು?

ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ನನ್ನ ಅಕ್ಕನ ಮಗಳು ಹಾಸನದಿಂದ ಬಂದಿದ್ದಾಗ, ಆನ್‌ಲೈನ್ ಸಮೀಕ್ಷೆಗಳಿಂದ ತಿಂಗಳ ಖರ್ಚು ಸರಿದೂಗಿಸಬಹುದೇ ಎಂದು ಕೇಳಿದಳು. ಚಿಕ್ಕಮಗಳೂರಿನ ಮನೆಯಲ್ಲೇ ಕುಳಿತು ಎರಡು ವರ್ಷ ಈ ಕೆಲಸ ಮಾಡಿದ ನಾನು, ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಾಮಾನ್ಯವಾಗಿ 18 ವರ್ಷ ತುಂಬಿದ, ಇಂಟರ್‌ನೆಟ್ ಇರುವ ಯಾರು ಬೇಕಾದರೂ ಸಮೀಕ್ಷೆಯ ತಾಣಗಳಿಗೆ ಸೇರಬಹುದು. ಆದರೆ ಸೇರಿದವರೆಲ್ಲರೂ ಗಳಿಸಲಾರರು. ಸಮೀಕ್ಷೆ ಮಾಡಿಸುವ ಕಂಪನಿಗೆ ನಿರ್ದಿಷ್ಟ ವಯಸ್ಸು, ಊರು, ಉದ್ಯೋಗ ಮತ್ತು ಕೊಳ್ಳುವ ಅಭ್ಯಾಸವುಳ್ಳ ಇಂತಿಷ್ಟು ಜನರ ಅಭಿಪ್ರಾಯ ಬೇಕಾಗಿರುವುದರಿಂದ, ಮೊದಲ ಪ್ರಶ್ನೆಗಳಲ್ಲೇ ನಮ್ಮನ್ನು ಜರಡಿ ಹಿಡಿಯುತ್ತಾರೆ. ಆ ಗುಂಪಿನ ಸಂಖ್ಯೆ ಆಗಲೇ ಭರ್ತಿಯಾಗಿದ್ದರೆ, ಹತ್ತು ನಿಮಿಷ ಶ್ರದ್ಧೆಯಿಂದ ಉತ್ತರಿಸಿದವರನ್ನೂ ಬರಿಗೈಯಲ್ಲಿ ಕಳುಹಿಸುತ್ತಾರೆ. ಇದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ. ವೈದ್ಯರಂಥ ಪರಿಣತರ ಅಭಿಪ್ರಾಯಕ್ಕೆ ಹೆಚ್ಚು ಸಂಭಾವನೆ ಇದೆ. ನಮ್ಮಂಥ ಗೃಹಿಣಿಯರಿಗೆ, ವಿದ್ಯಾರ್ಥಿಗಳಿಗೆ ದಕ್ಕುವುದು ಮೊಬೈಲ್ ರೀಚಾರ್ಜಿಗೆ ಸಾಲುವಷ್ಟು. ಗೂಗಲ್ ಒಪಿನಿಯನ್ ರಿವಾರ್ಡ್ಸ್ ಎಂಬ ಸಮೀಕ್ಷೆಯ ಆ್ಯಪ್ ಆಂಡ್ರಾಯ್ಡ್ ಫೋನಿನಲ್ಲಿ ಕೊಡುವುದು ಪ್ಲೇ ಸ್ಟೋರಿನಲ್ಲಿ ಖರ್ಚು ಮಾಡಬೇಕಾದ ಮೊತ್ತವೇ ಹೊರತು ನಗದಲ್ಲ.

ಸೇರಲು ಶುಲ್ಕ ಕೇಳುವವರನ್ನು ಮಾತ್ರ ದಯವಿಟ್ಟು ನಂಬಬೇಡಿ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇರುವುದಿಲ್ಲ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.