ಡ್ಯಾಂನ ನೀರು, ಅಂಕದ ಪುಸ್ತಕ

1994ರಲ್ಲಿ ಗಂಗಾವತಿ ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ಕೊಪ್ಪಳ ಜಿಲ್ಲೆ ಹುಟ್ಟಲು ಮೂರು ವರ್ಷ ಬಾಕಿ. ಶನಿವಾರ ತರಗತಿ ಮುಗಿದ ಮೇಲೆ ನಮ್ಮ ರಾಜ್ಯಶಾಸ್ತ್ರದ ಗುರುಗಳು ಐದಾರು ಜನರನ್ನು ಕೂರಿಸಿಕೊಂಡು ನೋಮಿಕ್ ಆಡಿಸುತ್ತಿದ್ದರು. ಅಮೆರಿಕದ ಪೀಟರ್ ಸೂಬರ್ ಕಟ್ಟಿದ ಈ ಆಟ 1982ರಲ್ಲಿ ಬೆಳಕಿಗೆ ಬಂದಿತ್ತು. ಚದುರಂಗದಲ್ಲಿ ಕಾಯಿ ನಡೆಸಿದಂತೆ ಇಲ್ಲಿ ನಿಯಮವನ್ನೇ ಬದಲಿಸಬೇಕು. ಆರಂಭಕ್ಕೆ 29 ನಿಯಮಗಳು. ಸರದಿ ಬಂದವರು ಒಂದು ಬದಲಾವಣೆ ಸೂಚಿಸಿ ಮತಕ್ಕೆ ಹಾಕಿ ದಾಳ ಉರುಳಿಸಬೇಕು; 100 ಅಂಕ ಮೊದಲು ಮುಟ್ಟಿದವರಿಗೆ ಗೆಲುವು. ಗುರುಗಳು ಅಷ್ಟನ್ನೂ ಕನ್ನಡದಲ್ಲಿ ಬರೆದು ಕಾರ್ಬನ್ ಪ್ರತಿ ಹಂಚಿದ್ದರು. ನನ್ನ ಪ್ರತಿ ಇಂದಿಗೂ ನನ್ನ ಬಳಿ ಇದೆ.

ಅಂಕವನ್ನು ಬೇರೆಯವರಿಗೆ ಕೊಡಬಹುದು ಎಂದು ನಾವೇ ಒಂದು ನಿಯಮ ಸೇರಿಸಿಕೊಂಡಿದ್ದೆವು. ಒಂದು ಶನಿವಾರ ಕಾರಟಗಿಯ ಗೆಳೆಯ, 'ನನ್ನ ಅಂಕ 40 ದಾಟಿದ್ದರೆ ಅದರಲ್ಲಿ 5 ಇವಳಿಗೆ' ಎಂದ. ಇವಳು ಎಂದರೆ ನಮ್ಮ ಜೊತೆ ಆಡುತ್ತಿದ್ದ ಹುಡುಗಿ; ಅವನಿಗೆ ಅವಳ ಮತ ಬೇಕಿತ್ತು. ಅಂಕದ ಪುಸ್ತಕ ಮೇಜಿನ ಮೇಲೆಯೇ ಇತ್ತು, ನೋಡಿದೆವು, ಬರೆದೆವು. ಮುಂದಿನ ಸುತ್ತಿನಲ್ಲಿ ಅವನು, 'ಈ ಕ್ಷಣ ಡ್ಯಾಂನಲ್ಲಿ ನೀರು 1633 ಅಡಿ ಇದ್ದರೆ ಇನ್ನೂ 10 ಅಂಕ ಇವಳಿಗೆ' ಎಂದ. 1633 ಅಡಿ ಎಂದರೆ ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ; ನಮ್ಮ ಸೀಮೆಯಲ್ಲಿ ಭತ್ತ ಬೆಳೆಯುವವರ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ.

ನಡೆಯುವವರ ಹಿಂದಿನ ಸರದಿಯವರೇ ತೀರ್ಪುಗಾರರು. ಅಂದು ನಾನು. ನಡೆ ಸಿಂಧು ಎಂದೆ. ನೀರಿನ ಮಟ್ಟ ನಮಗೆ ಗೊತ್ತಿರಲಿ ಬಿಡಲಿ, ಅದು ಅಲ್ಲಿ ಇದ್ದೇ ಇದೆ. ನಿಜ ನಮ್ಮ ತಿಳಿವಳಿಕೆಗೆ ಕಾಯುವುದಿಲ್ಲ ಎಂಬುದು ನನ್ನ ವಾದ.

ಎದ್ದು ನಿಂತವಳು ಅಂಕ ಪಡೆಯಬೇಕಿದ್ದ ಅವಳೇ. ಮಾನ್ವಿ ಕಡೆಯ, ಕಾಲುವೆಯ ಕೊನೆ ಭಾಗದ ರೈತರ ಮಗಳು, ಹಾಸ್ಟೆಲ್ಲಿನಲ್ಲಿದ್ದಳು. 'ಮೇಲೆ ನೀರು ಸಾಕಾದರೆ ಕೆಳಗೆ ಬಿಡುತ್ತೇವೆ ಎನ್ನುವುದನ್ನು ನಮ್ಮ ಅಪ್ಪ ವರ್ಷ ವರ್ಷ ಕೇಳುತ್ತಾರೆ. ಸಾಕಾಯಿತೆಂದು ಹೇಳುವವರು ಯಾರು? ಗೇಜ್ ನೋಡುವವರು ಅವರು, ಕಾಯುವವರು ನಾವು. ಈಗ ಈ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಎಷ್ಟು ಬರೆಯುತ್ತೀ, ಹೇಳು' ಎಂದು ನನ್ನನ್ನೇ ಕೇಳಿದಳು. ಪೆನ್ನು ನನ್ನ ಕೈಯಲ್ಲಿತ್ತು. ಏನು ಬರೆಯಬೇಕೆಂದು ತಿಳಿಯಲಿಲ್ಲ.

ಸಂಗತಿ ಸಣ್ಣದಲ್ಲ. ನಡೆ ಕ್ರಮಬದ್ಧವೋ ಅಲ್ಲವೋ ಎಂದು ಖಚಿತವಾಗಿ ತೀರ್ಮಾನಿಸಲು ಆಗದಿದ್ದರೆ, ಸರದಿ ಮುಗಿಸಲಾಗದ ಮೊದಲ ಆಟಗಾರನೇ ಗೆದ್ದಂತೆ ಎನ್ನುತ್ತದೆ 213 ಎಂಬ ಸಂಖ್ಯೆಯ ನಿಯಮ (ನಿಯಮಗಳ ಸಂಖ್ಯೆ 101ರಿಂದ, 201ರಿಂದ ಎಂದು ಎರಡು ಸಾಲಾಗಿ ಶುರುವಾಗುತ್ತದೆ). ತೂಗಾಡುವ ಒಂದು ಷರತ್ತು ಇಡೀ ಆಟವನ್ನು ಅಲ್ಲಿಗೇ ಮುಗಿಸಬಲ್ಲದು. ತೀರ್ಪನ್ನು ತಳ್ಳಿಹಾಕಲು ಉಳಿದವರೆಲ್ಲರ ಒಮ್ಮತ ಬೇಕು. ಎಲ್ಲರೂ ಕೈ ಎತ್ತಿದರು, ಕಾರಟಗಿಯ ಗೆಳೆಯನೂ ಸೇರಿ.

ಅವಳು ಬರೆದ ನಿಯಮ ನನ್ನ ಪ್ರತಿಯ ಹಿಂಬದಿಯಲ್ಲಿದೆ: 'ಮಾತು ಆಡಿದ ಹೊತ್ತಿಗೆ, ಆಟಗಾರರಲ್ಲಿ ಯಾರು ಬೇಕಾದರೂ ಕೈಗೆಟಕುವ ದಾಖಲೆಯಿಂದ ಷರತ್ತನ್ನು ಪರೀಕ್ಷಿಸಲು ಬರುವಂತಿದ್ದರೆ ಮಾತ್ರ ನಡೆ ಸಿಂಧು.' ಮತಕ್ಕೆ ಇದು ಅನ್ವಯಿಸಬಾರದು ಎಂದು ನಾನು ಹಟ ಹಿಡಿದೆ, ಇಂದಿಗೂ ಹಾಗೇ ನಂಬಿದ್ದೇನೆ. ಅಂಕ ಆ ಕ್ಷಣವೇ ಕೈ ಬದಲಾಯಿಸುತ್ತದೆ; ಮತವನ್ನು ಎಣಿಸುವುದು ಕೊನೆಗೆ. 'ಅವಳು ಒಪ್ಪಿದರೆ ನನ್ನದೂ ಹೌದು' ಎನ್ನುವವನ ಷರತ್ತು ಎಣಿಕೆಯ ವೇಳೆಗೆ ಇತ್ಯರ್ಥವಾದರೆ ಸಾಕು. ಅವಳೂ 'ಅವನು ಒಪ್ಪಿದರೆ' ಎಂದುಬಿಟ್ಟರೆ? ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕುಳಿತಂತೆ, ನೆಲಕ್ಕೆ ಕಾಲು ಯಾರದ್ದೂ ತಾಗುವುದಿಲ್ಲ. ಅಂಥ ಎರಡೂ ಮತಗಳನ್ನು ಬಿಡುವುದೆಂದು ಗೊತ್ತುಮಾಡಿದೆವು. ಗುರುಗಳು ಅಷ್ಟೂ ಹೊತ್ತು ಒಂದು ಮಾತೂ ಆಡಲಿಲ್ಲ. ಅದು ಅವರು ಕಲಿಸುತ್ತಿದ್ದ ರೀತಿ.

ಭಾನುವಾರದ ಪತ್ರಿಕೆಯಲ್ಲಿ ಹಿಂದಿನ ದಿನದ ಮಟ್ಟ ಬಂದಿತ್ತು: 1633 ಅಡಿ. ಸೋಮವಾರ ಆ ಪುಟ ಹಿಡಿದು ಅವಳ ಮುಂದೆ ನಿಂತೆ. ಓದಿ, ಮಡಿಸಿ, ಮರಳಿ ನನ್ನ ಕೈಗೇ ಕೊಟ್ಟಳು. ಆ 10 ಅಂಕ ಬರೆಯಲಿಲ್ಲ.