ಮಾತಿಲ್ಲದ ಗಿಟಾರ್‌ನಲ್ಲಿ ಚೌಕಾಬಾರ ಕೇಳಿಸುವುದು ಹೇಗೆ?

ಒಂದೇ ಗಿಟಾರ್, ಹಾಡುಗಾರರಿಲ್ಲ, ರಾಗದ ಜೊತೆಗೆ ಜಾಜ್‌ನ ಕಾರ್ಡ್‌ಗಳು (ಒಟ್ಟಿಗೆ ಮೀಟುವ ಸ್ವರಗಳ ಗುಂಪು), ವಸ್ತುವಾಗಿ ನಮ್ಮ ಮನೆಯಂಗಳದ ಆಟಗಳು. ಇಂಥ ಫ್ಯೂಷನ್ ಆಲ್ಬಮ್ ಮಾಡಹೊರಟವರು, ಕೇಳಿದವರು ಎಲ್ಲರೂ ಎತ್ತುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸಾಹಿತ್ಯವೇ ಇಲ್ಲದ ಮೇಲೆ ಇದು ಚೌಕಾಬಾರ, ಇದು ಕುಂಟೆಬಿಲ್ಲೆ ಅಂತ ಗೊತ್ತಾಗೋದು ಹೇಗೆ? ಹೆಸರಿಟ್ಟರೆ ಸಾಕಾ?"

ಹೆಸರಿಟ್ಟರೆ ಸಾಲದು. ಆಟದ ನಿಯಮವನ್ನೇ ತಾಳದ ನಿಯಮವಾಗಿ ಮಾಡಿಕೊಳ್ಳಬೇಕು. ಕವಡೆ ಉರುಳುವ ಸದ್ದನ್ನೋ ಮಕ್ಕಳ ಕೇಕೆಯನ್ನೋ ರೆಕಾರ್ಡ್ ಮಾಡಿ ನಡುನಡುವೆ ತುರುಕಿದರೆ ಮೊದಲ ಸಲ ಖುಷಿ ಕೊಡುತ್ತದೆ, ಎರಡನೇ ಸಲಕ್ಕೇ ಸಪ್ಪೆಯಾಗುತ್ತದೆ. ನಿಯಮ ಲಯದೊಳಗೆ ಕೂತಿದ್ದರೆ ಎಷ್ಟು ಸಲ ಕೇಳಿದರೂ ಅಲ್ಲಿಯೇ ಇರುತ್ತದೆ.

ಚೌಕಾಬಾರವನ್ನೇ ತೆಗೆದುಕೊಳ್ಳೋಣ. ಐದು ಸಾಲು, ಐದು ಕಂಬ, ಒಟ್ಟು 25 ಮನೆ. ಹಾಗಾಗಿ ತಾಳ ಖಂಡ ಚಾಪು, ಐದು ಅಕ್ಷರ, ಅಂದರೆ ಐದು ಎಣಿಕೆ. ನಾಲ್ಕು ಕವಡೆ ಹಾಕಿದಾಗ ಬೀಳುವ ಗರ 1, 2, 3, ಎಲ್ಲವೂ ಅಂಗಾತ ಬಿದ್ದರೆ ಚೌಕ, ಅಂದರೆ 4, ಎಲ್ಲವೂ ಬೋರಲು ಬಿದ್ದರೆ ಬಾರ, ಅಂದರೆ 8. ಈ ಐದು ಗರಗಳನ್ನು ಐದು ಸ್ವರಗುಚ್ಛಗಳಾಗಿ ಮಾಡಿ ಸಾಲಾಗಿ ಜೋಡಿಸಿ: ಒಂದು ಸ್ವರ, ಎರಡು, ಮೂರು, ನಾಲ್ಕು, ಎಂಟು. ಕೂಡಿದರೆ 18. ಕೊನೆಗೆ ಎರಡು ಅಕ್ಷರ ಬಿಡುವು ಕೊಟ್ಟರೆ 20, ಸರಿಯಾಗಿ ನಾಲ್ಕು ಆವರ್ತನ, ಅಂದರೆ ತಾಳದ ನಾಲ್ಕು ಸುತ್ತು. ಇನ್ನೂ ಚೆಂದದ ವಿಷಯವೆಂದರೆ ಮೊದಲ ನಾಲ್ಕು ಗುಚ್ಛಗಳು ಸೇರಿ ಹತ್ತು ಅಕ್ಷರ ಆಗುವುದರಿಂದ ಎಂಟರ ಗುಚ್ಛ ಹನ್ನೊಂದನೆಯ ಅಕ್ಷರಕ್ಕೆ, ಅಂದರೆ ಮೂರನೇ ಆವರ್ತನದ ಸಮಕ್ಕೆ (ಮೊದಲ ಅಕ್ಷರಕ್ಕೆ) ಬಂದು ಬೀಳುತ್ತದೆ. ಬಾರ ಬಿದ್ದ ಸಂಭ್ರಮಕ್ಕೆ ತಾಳವೇ ತಟ್ಟೆ ಹಿಡಿದು ನಿಂತಂತೆ.

ಕಾಯಿ ನಡೆಯುವ ದಾರಿಯೂ ಲೆಕ್ಕಕ್ಕೆ ಒದಗುತ್ತದೆ. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ 1. ಹದಿನಾರು ಆವರ್ತನ ಎಂದರೆ ಈ ಸಾಲನ್ನು ನಾಲ್ಕು ಸಲ ನುಡಿಸುವುದು. ಒಳಸುತ್ತಿನಲ್ಲಿ ಕಾಯಿ ಎದುರು ದಿಕ್ಕಿಗೆ ತಿರುಗುವುದರಿಂದ ಅಲ್ಲಿ ಸಾಲನ್ನೂ ತಿರುಗಿಸಿ, 8, 4, 3, 2, 1 ಎಂದು ಎರಡು ಸಲ ನುಡಿಸಿ. ಕೊನೆಯ ಒಂದು ಆವರ್ತನ ಬರೀ ಷಡ್ಜ, ಅಂದರೆ ಆಧಾರ ಸ್ವರ 'ಸ': ಕಾಯಿ ಹಣ್ಣಾಯಿತು. ನಿಮಿಷಕ್ಕೆ 150 ಅಕ್ಷರದ ವೇಗದಲ್ಲಿ ಒಂದು ಆವರ್ತನಕ್ಕೆ 2 ಸೆಕೆಂಡ್, ಒಂದು ಕಾಯಿಗೆ 50 ಸೆಕೆಂಡ್, ನಾಲ್ಕು ಕಾಯಿಗೆ 3 ನಿಮಿಷ 20 ಸೆಕೆಂಡ್. ಮೊದಲ ಕಾಯಿಯನ್ನು ಮಂದ್ರದಲ್ಲಿ ಹೊರಡಿಸಿ, ಪ್ರತಿ ಸುತ್ತಿಗೂ ಸ್ಥಾಯಿ ಏರಿಸುತ್ತಾ ಹೋಗಿ. ಹಣ್ಣಾದ ಕಾಯಿ ಆಮೇಲೆ ಪ್ರತಿ ಸಮಕ್ಕೂ ಷಡ್ಜವನ್ನಷ್ಟೇ ತಟ್ಟುತ್ತಿರಲಿ.

ಇಲ್ಲಿ ಎಡವುವುದು ಬಲಗೈ. ಹದಿನೆಂಟೂ ಸ್ವರಗಳನ್ನು ಒಂದೇ ತೂಕದಲ್ಲಿ ಮೀಟಿದರೆ ಗರಗಳು ಕರಗಿಹೋಗಿ ಬರೀ ಓಟ ಉಳಿಯುತ್ತದೆ. ಗುಚ್ಛದ ಮೊದಲ ಸ್ವರವನ್ನು ಮಾತ್ರ ಗಟ್ಟಿಯಾಗಿ ಮೀಟಿ, ಮಿಕ್ಕವನ್ನು ಎಡಗೈ ಬೆರಳು ತಟ್ಟಿ, ಎಳೆದು ಹೊರಡಿಸಬೇಕು. ಎಂಟರ ಗುಚ್ಛದಲ್ಲಿ ಒಂದೇ ಮೀಟು ಕೊನೆಯವರೆಗೆ ಬಾಳುವುದಿಲ್ಲ. ಐದನೇ ಸ್ವರಕ್ಕೆ ಮೆಲ್ಲಗೆ ಇನ್ನೊಂದು ಮೀಟು ಕೊಡಿ, ಒತ್ತು ಬೇಡ. ಗಿಟಾರ್ ಹಿಡಿಯುವ ಮುನ್ನ ಇಡೀ ಸಾಲನ್ನು ಕೊನ್ನಕೋಲಿನಲ್ಲಿ (ಬಾಯಲ್ಲಿ ಹೇಳುವ ಲಯದ ಸೊಲ್ಲುಗಳಲ್ಲಿ), ಕೈಯಲ್ಲಿ ತಾಳ ಹಾಕಿಕೊಂಡು ಹೇಳಿ: ತಾ, ತಕ, ತಕಿಟ, ತಕಧಿಮಿ, ತಕಧಿಮಿತಕಜಣು. ಬಾಯಲ್ಲಿ ನಿಲ್ಲದ್ದು ಬೆರಳಲ್ಲಿ ನಿಲ್ಲುವುದಿಲ್ಲ.

ಅಳಗುಳಿ ಮಣೆಗೆ ಏಳು ಗುಳಿಯ ಸಾಲು ಇರುವುದರಿಂದ ಏಳು ಅಕ್ಷರದ ಮಿಶ್ರ ಚಾಪು ತಾನಾಗಿಯೇ ಬರುತ್ತದೆ. ಗುಳಿಗೆ ಐದು ಕಾಳಿನಂತೆ ಐದು ಸ್ವರದ ಗುಚ್ಛ ಹಿಡಿದರೆ 35 ಅಕ್ಷರಕ್ಕೊಮ್ಮೆ ಗುಚ್ಛವೂ ಸಮವೂ ಕೂಡುತ್ತವೆ.

ಕುಂಟೆಬಿಲ್ಲೆಗೆ ಆದಿ ತಾಳ, ಎಂಟು ಮನೆ. ಹೆಬ್ಬೆರಳು ಎಂಟೂ ಅಕ್ಷರಕ್ಕೆ ಕೆಳಗಿನ ಷಡ್ಜವನ್ನು ಮೀಟುತ್ತಿರಲಿ. ಬಿಲ್ಲೆ ಬಿದ್ದ ಮನೆಯನ್ನು ತುಳಿಯುವಂತಿಲ್ಲವಲ್ಲ, ಹಾಗೆಯೇ ಮೊದಲ ಸುತ್ತಿನಲ್ಲಿ ಒಂದನೇ ಅಕ್ಷರ ಖಾಲಿ, ಎರಡನೇ ಸುತ್ತಿನಲ್ಲಿ ಎರಡನೆಯದು, ಹೀಗೆ ಎಂಟು ಸುತ್ತು. ಶುರುವಿಗೇ ಸಮ ಖಾಲಿ ಬಿಟ್ಟರೆ ಕೇಳುವವರಿಗೆ ತಾಳ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಅದಕ್ಕೇ ಮೊದಲು ಎರಡು ತುಂಬು ಆವರ್ತನ ನುಡಿಸಿಬಿಡಿ. ಇನ್ನೊಂದು ತೊಡಕು ಎಂದರೆ ದಪ್ಪ ತಂತಿ ಒಮ್ಮೆ ಮೀಟಿದರೆ ಸೆಕೆಂಡುಗಟ್ಟಲೆ ಅನುರಣಿಸುತ್ತದೆ. ಖಾಲಿ ಮನೆ ಬರುವ ಹೊತ್ತಿಗೆ ಸರಿಯಾಗಿ ಅಂಗೈ ಅಂಚಿನಿಂದ ತಂತಿಯನ್ನು ಮುಚ್ಚದಿದ್ದರೆ ಅದು ಖಾಲಿ ಎಂದು ಯಾರಿಗೂ ಕೇಳಿಸದು.

ಬುಗುರಿ ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಸುಂದರ. ಬುಗುರಿ ಸೋಲುವಾಗ ಎಲ್ಲವೂ ನಿಧಾನವಾಗುತ್ತದೆ ಎಂದುಕೊಂಡು ಕೊನೆಗೆ ಕಾಲಪ್ರಮಾಣವನ್ನು ಇಳಿಸಿ ಮುಗಿಸುವವರೇ ಹೆಚ್ಚು. ಗಮನವಿಟ್ಟು ನೋಡಿ: ತಿರುಗುವ ವೇಗ ಇಳಿದಷ್ಟೂ ಅದರ ಓಲಾಟದ ವೇಗ ಏರುತ್ತದೆ, ಅಗಲವೂ ಹೆಚ್ಚುತ್ತದೆ. ಗಿಟಾರ್‌ನಲ್ಲಿಯೂ ಅದನ್ನೇ ಮಾಡಬೇಕು. ಬಲಗೈ ಅಕ್ಷರಕ್ಕೆ ನಾಲ್ಕು ಮೀಟಿನಿಂದ ಎರಡಕ್ಕೆ, ಒಂದಕ್ಕೆ, ಆಮೇಲೆ ಎರಡು ಅಕ್ಷರಕ್ಕೆ ಒಂದಕ್ಕೆ ಇಳಿಯಲಿ. ಅದೇ ಹೊತ್ತಿಗೆ ಎಡಗೈಯ ಕಂಪಿತ (ತಂತಿ ಎಳೆದು ಸ್ವರ ನಡುಗಿಸುವುದು) ಕಾಲು ಸ್ವರದಿಂದ ಅರ್ಧಕ್ಕೆ, ಅರ್ಧದಿಂದ ಪೂರ್ತಿ ಸ್ವರಕ್ಕೆ ಅಗಲವಾಗುತ್ತಾ ಚುರುಕಾಗಲಿ. ಕೊನೆಯಲ್ಲಿ ಒಮ್ಮೆಲೇ ನಿಲ್ಲಿಸಿ.

ಪೂರ್ತಿ ಸ್ವರದಷ್ಟು ಎಳೆಯಲು ತಂತಿ ಒಪ್ಪಬೇಕು. ಅಕೂಸ್ಟಿಕ್ ಗಿಟಾರ್‌ನ 12-53 (ತಂತಿಗಳ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಸೆಟ್‌ನಲ್ಲಿ ಮೂರನೇ ತಂತಿ ಸುತ್ತು ಹಾಕಿದ್ದು, ಎಳೆದರೆ ಬೆರಳು ಕಿತ್ತುಬರುತ್ತದೆ. ಅದನ್ನು ತೆಗೆದು 17 ಅಥವಾ 18ರ ಸಾದಾ ತಂತಿ ಹಾಕಿ. ಆದರೆ ಕುದುರೆಯ (ಬ್ರಿಡ್ಜ್) ಎಲುಬು (ಸ್ಯಾಡಲ್) ಸುತ್ತು ತಂತಿಗೆಂದು ಕಡೆದಿರುತ್ತದೆ. ಸಾದಾ ತಂತಿ 12ನೇ ಮೆಟ್ಟಿನಲ್ಲಿ (ಫ್ರೆಟ್) ತುಸು ಏರು ಶ್ರುತಿ ಕೊಡುತ್ತದೆ. ಮೇಲಿನ ಮೆಟ್ಟುಗಳಲ್ಲಿ ಅದನ್ನು ಬಳಸುವುದಾದರೆ ಎಲುಬನ್ನು ತಿದ್ದಿಸಲೇಬೇಕು. ಗಮಕದ, ಅಂದರೆ ಸ್ವರವನ್ನು ಓಲಾಡಿಸುವ, ಈ ಕಷ್ಟಕ್ಕೆ 1970ರ ದಶಕದ 'ಶಕ್ತಿ' ಫ್ಯೂಷನ್ ತಂಡದಲ್ಲಿ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಮೆಟ್ಟುಗಳ ನಡುವಿನ ಮರವನ್ನು ಬಟ್ಟಲಿನಂತೆ ಕೊರೆಸಿದ ಗಿಟಾರ್ ಹಿಡಿದರು, ಶ್ರುತಿಗೆಂದು ಅಡ್ಡ ತಂತಿಗಳನ್ನೂ ಕಟ್ಟಿಸಿಕೊಂಡರು. ಮಾಮೂಲಿ ಗಿಟಾರ್‌ನಲ್ಲಿಯೇ ಕರ್ನಾಟಕ ಸಂಗೀತ ನುಡಿಸುವ ಪ್ರಸನ್ನ ಅವರನ್ನು ಕೇಳಿದರೆ ಕೊರೆಸದೆಯೂ ಎಷ್ಟು ದೂರ ಹೋಗಬಹುದು ಎಂಬುದು ತಿಳಿಯುತ್ತದೆ.

ಶ್ರುತಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಫ್ಯೂಷನ್ ಹಳಸುವುದು ಇಲ್ಲಿಯೇ. ಡಿ ಸ್ವರವನ್ನು ಷಡ್ಜ ಮಾಡಿಕೊಂಡು ಆರು ತಂತಿಗಳನ್ನು ದಪ್ಪದಿಂದ ತೆಳುವಿಗೆ ಡಿ-ಎ-ಡಿ-ಜಿ-ಎ-ಡಿ ಎಂದು ಕಟ್ಟುವುದು ಬಹಳ ಜನರ ರೂಢಿ. ಚೌಕಾಬಾರವನ್ನು ಮೋಹನ ರಾಗದಲ್ಲಿ ನುಡಿಸುವುದಾದರೆ ಅಲ್ಲಿನ ಜಿ ಮಧ್ಯಮ, ಮೋಹನಕ್ಕೆ ವರ್ಜ್ಯ. ಮುಟ್ಟದಿದ್ದರೂ ಆ ತಂತಿ ಮಿಡಿದು ರಾಗದೊಳಗೆ ನುಸುಳುತ್ತದೆ. ಮೂರನೇ ತಂತಿಯನ್ನು ಎಫ್ ಶಾರ್ಪ್‌ಗೆ ಇಳಿಸಿ, ಅಂತರ ಗಾಂಧಾರ ಮಾಡಿಕೊಳ್ಳಿ. ಟ್ಯೂನರ್‌ನ ಮುಳ್ಳು ನಡುವೆ ನಿಂತಾಗ ಅದು ಷಡ್ಜದಿಂದ 400 ಸೆಂಟ್ (ಒಂದು ಮೆಟ್ಟಿಗೆ 100 ಸೆಂಟ್). ತಂಬೂರಿಯ ಜೊತೆ ಹೊಂದುವ ಗಾಂಧಾರ 386ರಲ್ಲಿದೆ, ಆದ್ದರಿಂದ 14 ಸೆಂಟ್ ಇಳಿಸಿ. ಇಳಿಸಿದ ಮೇಲೆ ಆ ತಂತಿಯ ಪ್ರತಿ ಮೆಟ್ಟೂ ಅಷ್ಟೇ ಇಳಿಯುತ್ತದೆ ಎಂಬುದು ನೆನಪಿರಲಿ. ಐದನೇ ಮೆಟ್ಟಿನ ಧೈವತ 886 ಸೆಂಟ್, ಶುದ್ಧ ಸ್ಥಾನ 884, ಸೊಗಸಾಗಿ ಕೂರುತ್ತದೆ. ಮೂರನೇ ಮೆಟ್ಟಿನ ಪಂಚಮ ಮಾತ್ರ 686ಕ್ಕೆ ಕುಸಿದು ಹುಳಿಯಾಗುತ್ತದೆ. ಪಂಚಮಕ್ಕೆ ಎರಡನೇ ತಂತಿಯನ್ನೇ ಬಳಸಿ. ಬೇರೆ ತಂತಿಯಲ್ಲಿ ಗಾಂಧಾರ ಬೇಕಾದಾಗ ಒಂದು ಮೆಟ್ಟು ಕೆಳಗೆ ಒತ್ತಿ ಮೇಲಕ್ಕೆ ಎಳೆಯಿರಿ, ಏಕೆಂದರೆ ಎಳೆತ ಸ್ವರವನ್ನು ಏರಿಸಬಲ್ಲದೇ ಹೊರತು ಇಳಿಸಲಾರದು.

ಕಾರ್ಡ್‌ಗಳಿಗೂ ಇದೇ ಎಚ್ಚರ. ಮೋಹನದ ಅಡಿಯಲ್ಲಿ ಡಿ ಮೇಜರ್, ಬಿ ಮೈನರ್, ಎ ಸಸ್ ಟು ನಿಶ್ಚಿಂತೆಯಿಂದ ಹಾಕಬಹುದು, ಮೂರರ ಸ್ವರಗಳೂ ರಾಗದೊಳಗಿವೆ. ಅಭ್ಯಾಸಬಲದಿಂದ ಎ ಮೇಜರ್ ಹಾಕಿದಿರೋ, ಸಿ ಶಾರ್ಪ್ ರೂಪದಲ್ಲಿ ಕಾಕಲಿ ನಿಷಾದ ಬಂದು ಮೋಹನ ಮುರಿಯಿತು.

ರೆಕಾರ್ಡಿಂಗ್‌ಗೆ ಒಂದು ಮೈಕ್ ಸಾಕು: 12ನೇ ಮೆಟ್ಟಿನ ಎದುರು, 20ರಿಂದ 30 ಸೆಂಟಿಮೀಟರ್ ದೂರ. ರಂಧ್ರದ ನೇರಕ್ಕೆ ಇಟ್ಟರೆ ಗುಂಯ್‌ಗುಡುತ್ತದೆ. 24 ಬಿಟ್, 48 ಕಿಲೋಹರ್ಟ್ಸ್, ಗಟ್ಟಿಯಾಗಿ ಮೀಟಿದಾಗಲೂ ಮೈನಸ್ 10 ಡೆಸಿಬಲ್ ದಾಟದಿರಲಿ. ಸಾಫ್ಟ್‌ವೇರಿನಲ್ಲಿ ತಾಳವನ್ನು 5/8 ಎಂದೇ ಕೊಡಿ. 4/4ರ ಕ್ಲಿಕ್ ಇಟ್ಟುಕೊಂಡರೆ ಒತ್ತು ಊರೆಲ್ಲ ಅಲೆಯುತ್ತದೆ. ಪದರದ ಮೇಲೆ ಪದರ ನುಡಿಸುವ ಮೊದಲು ಕಂಪ್ಯೂಟರಿನ ರೆಕಾರ್ಡಿಂಗ್ ತಡವನ್ನು ಅಳೆಯುವುದು ತಪ್ಪಬಾರದು. ಪದರವೊಂದು 20 ಮಿಲಿಸೆಕೆಂಡ್ ತಡವಾಗಿ ಕೂತು, ಅದನ್ನೇ ಕೇಳುತ್ತಾ ಮುಂದಿನದನ್ನು ನುಡಿಸುತ್ತಾ ಹೋದರೆ ನಾಲ್ಕನೇ ಕಾಯಿ 80 ಹಿಂದೆ ಬಿದ್ದಿರುತ್ತದೆ. ಕ್ಲಿಕ್ಕನ್ನು ಸ್ಪೀಕರ್‌ನಲ್ಲಿ ನುಡಿಸಿ, ಅದನ್ನೇ ಮೈಕ್‌ನಲ್ಲಿ ಹಿಡಿದು, ಎರಡು ಅಲೆಗಳ ನಡುವಿನ ಅಂತರ ನೋಡಿ ಸೆಟ್ಟಿಂಗ್‌ನಲ್ಲಿ ತುಂಬಿಸಿ.

ಇನ್ನು ಹೆಸರಿನ ವಿಚಾರ. ಆಲ್ಬಮ್‌ನಲ್ಲಿ ಇರುವ ಮಾತೆಂದರೆ ಶೀರ್ಷಿಕೆ ಮತ್ತು ಅದರ ಕೆಳಗಿನ ವಿವರಣೆ ಅಷ್ಟೇ. ಅಲ್ಲಿ "ಬಾಲ್ಯದ ನೆನಪುಗಳು" ಎಂದು ಬರೆಯುವ ಬದಲು ನಿಯಮವನ್ನೇ ಬರೆಯಿರಿ: "1, 2, 3, ಚೌಕ, ಬಾರ. ಹೊರಗೆ 16, ಒಳಗೆ 8, ನಡುವೆ 1." ಚೌಕಾಬಾರ ಆಡಿ ಬೆಳೆದವರು ಇಷ್ಟು ಓದಿದರೆ ಮೂರನೇ ಆವರ್ತನದ ಸಮಕ್ಕೆ ಬಾರ ಬೀಳುವುದನ್ನು ತಾವೇ ಎಣಿಸಿಕೊಳ್ಳುತ್ತಾರೆ.